ಬರೀ ನೀರುದೋಸೆ ಸಾಕು

ಆಗೆಲ್ಲ ಮೇ ತಿಂಗಳಲ್ಲಿ ನಂತೂರಿನ ನಮ್ಮ ಬಾಡಿಗೆ ಮನೆಗೆ ಮೊದಲು ಬರುತ್ತಿದ್ದದ್ದು ನೆಂಟರಲ್ಲ, ಪಾತ್ರೆಗಳು. ಅಪ್ಪ ಪಂಪ್‌ವೆಲ್‌ನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಒಂದು ಸಂಜೆ ಅವರು ಬಾಡಿಗೆಗೆ ತಂದ ಅಲ್ಯುಮಿನಿಯಂ ಹಂಡೆ, ಎರಡು ಕೈಯಲ್ಲಿ ಎತ್ತಬೇಕಾದ ಬಾಣಲೆ, ನಾವು ತೊಂದೂರು ಎಂದು ಕರೆಯುವ ದೊಡ್ಡ ಹಬೆಪಾತ್ರೆ, ಇಷ್ಟನ್ನು ರಿಕ್ಷಾದಿಂದ ಇಳಿಸಿದರೆಂದರೆ ನಮಗೆ ರಜೆ ಶುರುವಾಯಿತು ಅಂತಲೇ ಲೆಕ್ಕ. ಮರುದಿನ ಮುಂಬಯಿಯ ಬಸ್ಸಿನಲ್ಲಿ ಅಮ್ಮನ ಅಣ್ಣ, ಅಂದರೆ ನಮ್ಮ ದೊಡ್ಡ ಮಾವ, ಸಂಸಾರ ಸಮೇತ ಇಳಿಯುತ್ತಿದ್ದರು. ಸಂಸಾರ ಅಂದರೆ ಬರೀ ಅತ್ತೆ ಮತ್ತು ಮಕ್ಕಳಲ್ಲ. ಅತ್ತೆಯ ಅಕ್ಕತಂಗಿಯರು, ಅವರ ಮಕ್ಕಳು, ಪಕ್ಕದ ಮನೆಯ ಯಾರೋ ಇಬ್ಬರು, "ಮಂಗಳೂರು ನೋಡಿಲ್ಲ ಪಾಪ" ಅನ್ನುವ ಕಾರಣಕ್ಕೆ.

ನಿಮ್ಮಲ್ಲಿ ಅನೇಕರಿಗೆ ಇಂಥ ಮನೆಯ ನೆನಪು ಇರಬಹುದು. ಇದ್ದದ್ದು ಎರಡೇ ಕೋಣೆ. ಮಲಗುವಾಗ ಚಾಪೆಗೆ ಚಾಪೆ ತಾಗಿಸಿ ಇಪ್ಪತ್ತೈದು ತಲೆ. ಹೆದ್ದಾರಿಯಲ್ಲಿ ಲಾರಿ ಹೋದರೆ ಗೋಡೆಯ ಮೊಳೆಗೆ ಸಿಕ್ಕಿಸಿದ ಸೌಟುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಡೀಸೆಲ್ ಹೊಗೆ, ಬಿಡಿಸಿಟ್ಟ ಹಲಸಿನ ಹಣ್ಣು, ಒದ್ದೆ ಟವೆಲ್ಲು, ಎಲ್ಲದರ ವಾಸನೆ ಒಟ್ಟಿಗೇ. ಅಂಗಳದಲ್ಲಿ ಲಗೋರಿ ಆಡುತ್ತಿದ್ದೆವು. ಚೆಂಡು ಹೆದ್ದಾರಿಗೆ ಹಾರಿದರೆ ಆಟ ಅಲ್ಲಿಗೆ ಮುಗಿಯಿತು, ಅದನ್ನು ತರಲು ಹೋಗುವ ಹಾಗಿರಲಿಲ್ಲ. ಅಷ್ಟು ಸುಖ ನಾನು ಆಮೇಲೆ ಕಂಡಿಲ್ಲ. ಸುಳ್ಳು ಯಾಕೆ ಹೇಳಲಿ.

ಬಂದವರೆಲ್ಲ ಚಪ್ಪಲಿ ಬಿಡುವಾಗಲೇ ಒಂದು ಮಾತು ಹೇಳಿ ಒಳಗೆ ಬರುತ್ತಿದ್ದರು. ಅತ್ತೆಯಂತೂ ತಪ್ಪದೆ ಹೇಳುತ್ತಿದ್ದರು, "ಗಿರಿಜಾ, ನಮಗೆ ಅಂತ ದೊಡ್ಡದು ಎಂತದೂ ಮಾಡ್ಬೇಡ ಮಾರಾಯ್ತಿ. ಸುಲಭದ್ದು ಎಂತಾದ್ರೂ ಸಾಕು." ಹೇಳಿ ಫ್ಯಾನಿನ ಕೆಳಗೆ ಕೂರುತ್ತಿದ್ದರು. ಸುಲಭದ್ದು ಎಂತಾದರೂ ಮಾಡಲು ಅಮ್ಮ ಸೆರಗು ಸಿಕ್ಕಿಸಿ ಒಳಗೆ ಹೋಗುತ್ತಿದ್ದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅಡುಗೆಯನ್ನು ಅಮ್ಮ ಎರಡು ಜಾತಿ ಮಾಡಿದ್ದಳು. ಕಟ್ಟಿಹಾಕುವ ಅಡುಗೆ, ಬಿಡುವ ಅಡುಗೆ. ಕುಚ್ಚಲಕ್ಕಿ ಗಂಜಿ ಬಿಡುವಂಥದ್ದು. ಒಲೆಯ ಮೇಲಿಟ್ಟು ನಾಲ್ಕು ಕೆಲಸ ಮಾಡಬಹುದು, ಜೊತೆಗೆ ಮಾವಿನಕಾಯಿ ಚಟ್ನಿ ಅರೆದರೆ ಊರಿಗೇ ಬಡಿಸಬಹುದು. ಸಜ್ಜಿಗೆ ಅವಲಕ್ಕಿಯೂ ಬೇಗ ಬಿಡುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಪುಂಡಿ. ಅಕ್ಕಿಯನ್ನು ತರಿಯಾಗಿ ಅರೆದು, ತೆಂಗಿನತುರಿ ಹಾಕಿ ಬಾಣಲೆಯಲ್ಲಿ ಗಟ್ಟಿ ಮಾಡಿ, ಉಂಡೆ ಕಟ್ಟಿ ತೊಂದೂರಿನಲ್ಲಿಟ್ಟು ಮುಚ್ಚಿದರೆ ಮತ್ತೆ ನೋಡಬೇಕಾಗಿಲ್ಲ. ಮೀನು ಹುರಿಯುವುದು ಕಟ್ಟಿಹಾಕುವಂಥದ್ದು. ಅದಕ್ಕಿಂತ ಕೆಟ್ಟದ್ದು ನೀರುದೋಸೆ.

"ಅಕ್ಕಿ, ನೀರು, ಉಪ್ಪು. ಇದ್ರಲ್ಲಿ ಎಂತ ಕಷ್ಟ ಅಂತ ಕೇಳ್ತಾರೆ" ಅನ್ನುತ್ತಿದ್ದಳು. "ತಿನ್ನುವವನಿಗೆ ಹಗುರವೇ. ಹೊಯ್ಯುವವಳು ಕಡೆಯವನು ಕೈ ತೊಳೆಯುವವರೆಗೆ ಕಾವಲಿ ಬಿಡ್ಲಿಕ್ಕಿಲ್ಲ."

ಪ್ರತಿ ರಜೆಯಲ್ಲಿ ಒಂದು ದಿನ ವ್ಯಾನು ಮಾಡಿ ಎಲ್ಲರೂ ಪಣಂಬೂರಿನ ಸಮುದ್ರಕ್ಕೆ ಹೋಗುವುದಿತ್ತು. ಅಮ್ಮ ಹೋದದ್ದೇ ಇಲ್ಲ. ಸಂಜೆ ಎಲ್ಲರೂ ಹಸಿದು ಬರುತ್ತಾರೆ, ಯಾರಾದರೂ ಮನೆಯಲ್ಲಿ ಬೇಕಲ್ಲ. ದೊಡ್ಡ ಮಾವ ವ್ಯಾನು ಹತ್ತುತ್ತ ಸಮಾಧಾನ ಹೇಳುತ್ತಿದ್ದರು, "ಸಮುದ್ರ ಎಲ್ಲಿಗೂ ಓಡುದಿಲ್ಲ ಗಿರಿಜಾ. ನೀನು ಇಲ್ಲೇ ಇರುವವಳಲ್ವಾ, ಯಾವಾಗ ಬೇಕಾದ್ರೂ ಹೋಗ್ಬಹುದು." ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಮಂಗಳೂರಿನ ಎಷ್ಟೋ ಹೆಂಗಸರಿಗೆ ಸಮುದ್ರವೂ ಹಾಗೆಯೇ.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಆ ವರ್ಷ ಅಮ್ಮ ಕಾಯಿ ತುರಿಯುತ್ತ ಮೆಲ್ಲಗೆ ಹೇಳಿದಳು, "ಈ ಸಲ ನಾನೂ ಬರ್ತೇನೆ."

ನಾನು ಕುಣಿದೆ. ಅವಳು ನನ್ನನ್ನು ಹತ್ತಿರ ಎಳೆದು ಕೂರಿಸಿದಳು. ಬಜಪೆಯ ಆಚೆಗಿನ ಗೇಣಿ ಗದ್ದೆಯ ಮನೆಯಲ್ಲಿ ಅಜ್ಜಿ ನಟ್ಟಿಗೆ ಹೋದಾಗ ಒಲೆಯ ಮುಂದೆ ಕೂತವಳು ಅಮ್ಮ, ಆಗ ಅವಳಿಗೆ ನನ್ನದೇ ವಯಸ್ಸು. ಅಣ್ಣನಿಗೆ ಬಡಿಸಿದ್ದಳು, ತಮ್ಮನನ್ನು, ಅಂದರೆ ನಮ್ಮ ಸಣ್ಣ ಮಾವನನ್ನು, ಸೊಂಟದ ಮೇಲೆ ಹೊತ್ತೇ ಗಂಜಿ ಬಸಿದಿದ್ದಳು.

"ಅವರು ಉಣ್ಣುವುದನ್ನು ನೋಡಿದ್ದೇನೆ. ಒಟ್ಟಿಗೆ ಕೂತು ಉಂಡದ್ದು ನೆನಪಿಲ್ಲ ನನಗೆ" ಅಂದಳು. "ಮನೆಯಲ್ಲಿ ಕೂತ್ರೂ ಒಂದು ಉಪ್ಪಿಗೆ, ಒಂದು ನೀರಿಗೆ ಅಂತ ಎದ್ದು ಒಳಗೆ ಹೋಗ್ಬೇಕು. ಅಲ್ಲಿ ಮರಳಲ್ಲಿ ಅಡುಗೆಮನೆ ಎಲ್ಲಿ ಉಂಟು, ಎದ್ದು ಹೋಗ್ಲಿಕ್ಕೆ? ನೀನು ನನ್ನ ಎಲೆಗೆ ಬಡಿಸ್ಬೇಕು, ಆಯ್ತಾ?"

ಆ ಬೆಳಗ್ಗೆ ಪುಂಡಿ ಕಟ್ಟಲು ನಮ್ಮನ್ನೆಲ್ಲ ಎಬ್ಬಿಸಿ ಕೂರಿಸಿದಳು. ಹಿಟ್ಟು ಬಿಸಿಯಿತ್ತು, ತಣ್ಣೀರಿನಲ್ಲಿ ಕೈ ಅದ್ದಿ ಅದ್ದಿ ಉಂಡೆ ಮಾಡಿ ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತಬೇಕು. ದೊಡ್ಡ ಮಾವನ ಮಗಳು ಪ್ರೀತಿ ಕೇಳಿದಳು, "ಇದು ಡಿಸೈನಾ ಅತ್ತೆ?"

"ಡಿಸೈನಲ್ಲ ಮಗಾ. ಗುಳಿ ಇಲ್ಲದಿದ್ರೆ ಹೊರಗೆ ಬೇಯ್ತದೆ, ನಡು ಹಸಿ ಉಳೀತದೆ."

ಯಾವ ಗುಳಿ ಯಾರದ್ದು ಅಂತ ನಮಗೆ ಗೊತ್ತಾಗುತ್ತಿತ್ತು. ಪ್ರೀತಿಯದ್ದು ಆಳ, ನನ್ನದು ಸಣ್ಣ, ಅವಳ ತಮ್ಮನದ್ದು ಆಚೆ ಬದಿಗೆ ತೂತು. ಪುಂಡಿಗೆ ನೆಂಚಿಕೊಳ್ಳುವ ಕಡ್ಲೆ ಗಸಿಗೆ ಅಮ್ಮ ತೆಂಗಿನಕಾಯಿಯನ್ನು ಕೆಂಪಗೆ ಹುರಿದು ಅರೆದಿದ್ದಳು, ಹಸಿ ಕಾಯಿ ಬಿಸಿಲಿಗೆ ಹಳಸುತ್ತದೆ ಅಂತ. ಒಂಬತ್ತು ಗಂಟೆಗೆಲ್ಲ ಒಲೆ ಆರಿತ್ತು. ಮೇ ತಿಂಗಳಲ್ಲಿ ಆ ಹೊತ್ತಿಗೆ ಆರಿದ ಒಲೆ ನಾನು ನೋಡಿದ್ದು ಅದೊಂದೇ ಸಲ. ಅಮ್ಮ ನೀಲಿ ಸೀರೆ ಉಟ್ಟಳು. ಅದಕ್ಕೆ ನುಸಿಗುಳಿಗೆಯ ವಾಸನೆ. ಮಲ್ಲಿಗೆ ಮುಡಿದು, ಕನ್ನಡಿಯ ಮುಂದೆ ಎರಡು ಸಲ ನಿಂತಳು.

ಪಾತ್ರೆಗಳು ವ್ಯಾನು ಹತ್ತಿದವು. ಅಮ್ಮನ ಒಂದು ಕಾಲು ಮೆಟ್ಟಿಲ ಮೇಲಿತ್ತು. ಆಗ ಗೇಟಿನಲ್ಲಿ ಟ್ಯಾಕ್ಸಿ ನಿಂತಿತು. ಹಗ್ಗ ಬಿಗಿದ ಪೆಟ್ಟಿಗೆಗಳ ಜೊತೆ ಸಣ್ಣ ಮಾವ ಇಳಿದರು. ದುಬೈಯಲ್ಲಿದ್ದವರು, ಮಾರನೆಯ ದಿನ ಬರಬೇಕಿತ್ತು. ಹೇಳದೆ ಕೇಳದೆ ಒಂದು ದಿನ ಮೊದಲೇ ವಿಮಾನ ಹತ್ತಿ ಬಜಪೆಯಲ್ಲಿ ಇಳಿದಿದ್ದರು.

"ಸರ್‌ಪ್ರೈಸ್!" ಅಂತ ಕೂಗಿದರು. ಎಲ್ಲರೂ ವ್ಯಾನಿನಿಂದ ಇಳಿದು ಮುತ್ತಿಕೊಂಡರು. ಪರಿಮಳದ ಸಾಬೂನಿನ ವಾಸನೆ ಅಂಗಳ ತುಂಬಿತು. ಅಮ್ಮ ತಮ್ಮನ ಕೆನ್ನೆ ಸವರಿ, "ಎಷ್ಟು ಸೊರಗಿದ್ದಿ. ಹಸಿವಾಗಿರ್ಬೇಕು" ಅಂದಳು.

"ಎಂತದೂ ಬೇಡ ಅಕ್ಕ. ಬರೀ ನೀರುದೋಸೆ ಸಾಕು. ಅಲ್ಲಿ ವರ್ಷವಿಡೀ ಒಣ ರೊಟ್ಟಿ ತಿಂದು ನಾಲಿಗೆ ಸತ್ತು ಹೋಗಿದೆ. ವಿಮಾನದಲ್ಲಿ ಕೂತು ಅದನ್ನೇ ನೆನೆಸ್ತಾ ಬಂದೆ."

ಅಪ್ಪ ನಡುವೆ ಬಾಯಿ ಹಾಕಿದರು. "ಪುಂಡಿ ಉಂಟಲ್ಲ. ವ್ಯಾನಿಗೇ ಹತ್ತು, ಅಲ್ಲೇ ತಿನ್ನುವ."

"ಇಷ್ಟು ದೂರದಿಂದ ಬಂದು ಇನ್ನು ಮರಳಿಗೆ ಎಲ್ಲಿ ಭಾವ. ನೀವೆಲ್ಲ ಹೋಗಿ ಬನ್ನಿ, ನಾನೂ ಅಕ್ಕನೂ ಮಾತಾಡ್ತಾ ಇರ್ತೇವೆ."

ಸಣ್ಣ ಮಾವ ಕೆಟ್ಟವರಲ್ಲ. ಅದೇ ನನ್ನ ಸಂಕಟ. ಆ ಮುಖದಲ್ಲಿ ಎಷ್ಟು ಆಸೆ ಇತ್ತೆಂದರೆ, ಇಂದು ನೆನೆದರೂ ಅವರ ಮೇಲೆ ಸಿಟ್ಟು ನಿಲ್ಲುವುದಿಲ್ಲ. ಅಮ್ಮ ಮೆಟ್ಟಿಲಿನಿಂದ ಕಾಲು ತೆಗೆದಳು. ನನ್ನ ಕಡೆ ನೋಡಿ, "ಅಕ್ಕಿ ಬಿಸಿನೀರಲ್ಲಿ ನೆನೆಹಾಕ್ತೇನೆ, ಬೇಗ ಆಗ್ತದೆ. ಎಲೆ ಹಾಕಿ ಇಡು. ಬಸ್ಸಲ್ಲಿ ಬರ್ತೇನೆ" ಅಂದಳು.

ನಾನು ಎಲೆ ಹಾಕಿ ಇಟ್ಟೆ. ಪಣಂಬೂರಿನ ಮರಳಲ್ಲಿ, ಗಾಳಿಮರದ ಕೆಳಗೆ, ನನ್ನ ಎಲೆಯ ಪಕ್ಕ, ಹಾರದ ಹಾಗೆ ಮೂಲೆಗಳಿಗೆ ಕಲ್ಲು ಇಟ್ಟು. ಆಮೇಲೆ ರಸ್ತೆಯ ಬದಿಗೆ ಹೋಗಿ ನಿಂತೆ. ಬಸ್ಸು ಬರುವುದು, ಜನ ಇಳಿಯುವುದು, ನೀಲಿ ಬಣ್ಣ ಕಂಡರೆ ನನ್ನ ಎದೆ ಹಾರುವುದು. ಅಪ್ಪ ಬಂದು ಕರೆದರು. ಅತ್ತೆ ಕರೆದರು, "ಬರ್ತಾಳೆ ಮಗಾ, ನೀನು ತಿನ್ನು." ಎಲ್ಲರೂ ಪುಂಡಿಯನ್ನು ಹೊಗಳಿ ಹೊಗಳಿ ತಿಂದರು. ಪ್ರೀತಿ ಅಮ್ಮನ ಎಲೆಯಲ್ಲಿ ಕೂರಲು ಬಂದಳು, ನಾನು ಬಿಡಲಿಲ್ಲ. ಎರಡು ಪುಂಡಿ ಅದರ ಮೇಲೆ ಬಡಿಸಿದೆ. ಗಾಳಿ ಮರಳು ತಂದು ಹಾಕಿತು. ಹೊತ್ತು ಇಳಿದ ಮೇಲೆ ಅವನ್ನು ಟಿಫಿನ್ ಡಬ್ಬಿಗೆ ಹಾಕಿಕೊಂಡೆ.

ಮನೆಗೆ ಬಂದರೆ ಅಮ್ಮ ಹಳೆಯ ಸೀರೆಯಲ್ಲಿ ಕಾವಲಿಯ ಮುಂದೆ ನಿಂತಿದ್ದಳು. ದುಬೈಯಿಂದ ಬಂದವರನ್ನು ನೋಡಲು ಓಣಿಯವರೆಲ್ಲ ಬಂದಿದ್ದರಂತೆ. ಬಂದವರಿಗೆ ಎರಡೆರಡು ದೋಸೆ ಕೊಡದೆ ಕಳಿಸುವುದುಂಟೇ? ಹಿಟ್ಟು ಇನ್ನೊಮ್ಮೆ ಅರೆದಾಗಿತ್ತು. ನೀಲಿ ಸೀರೆ ಕುರ್ಚಿಯ ಮೇಲೆ ಮಡಚಿಟ್ಟಿತ್ತು, ಅದರ ಮೇಲೆ ಬಾಡಿದ ಮಲ್ಲಿಗೆ.

ನನ್ನನ್ನು ನೋಡಿ ಅಮ್ಮ ಕೇಳಿದ್ದು ಒಂದೇ. "ಪುಂಡಿ ನಡು ಬೆಂದಿತ್ತಾ?"

ನಾನು ಡಬ್ಬಿ ಮುಂದೆ ಹಿಡಿದೆ. ಅಷ್ಟರಲ್ಲಿ ಸಮುದ್ರದ ಹಸಿವು ಹೊತ್ತ ಮಕ್ಕಳೆಲ್ಲ ನುಗ್ಗಿ ಬಂದು, "ಅತ್ತೇ, ದೋಸೆ!" ಅಂತ ತಟ್ಟೆ ಬಡಿಯತೊಡಗಿದರು. ಅಮ್ಮ ಎಡಗೈಯಲ್ಲಿ ಅರ್ಧ ಪುಂಡಿ ಮುರಿದು ಬಾಯಿಗೆ ಹಾಕಿಕೊಂಡು ಬಲಗೈಯಲ್ಲಿ ದೋಸೆ ಎತ್ತಿದಳು. "ಸ್ವಲ್ಪ ಮರಳುಂಟು" ಅಂತ ನಕ್ಕಳು.

"ಕೂತ್ಕೋ ಅಮ್ಮ. ನಾನು ಬಡಿಸ್ತೇನೆ."

"ಈಗ ಕೂತ್ರೆ ಇವರಿಗೆ ಹೊಯ್ಯುವುದು ಯಾರು?"

ಮುಂದಿನ ವರ್ಷ ಅವಳು ಬರುತ್ತೇನೆ ಅನ್ನಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಆಮೇಲೆ ಅವಳ ಮಂಡಿ ಊದಿತು, ನಿಂತೂ ನಿಂತೂ ಊದಿದ್ದು. ರಸ್ತೆ ಅಗಲವಾಗಿ ಆ ಮನೆ ಹೋಯಿತು. ಲಗೋರಿಯ ಅಂಗಳದ ಮೇಲೆ ಇಂದು ಲಾರಿಗಳು ಸಿಗ್ನಲ್ಲಿಗೆ ಕಾಯುತ್ತವೆ. ಕಡೆಗೂ ಅಮ್ಮ ಪಣಂಬೂರಿಗೆ ಹೋದಳು, ಬಿಳಿ ಬಟ್ಟೆ ಕಟ್ಟಿದ ಸಣ್ಣ ಮಡಕೆಯಲ್ಲಿ, ನನ್ನ ತೊಡೆಯ ಮೇಲೆ. ಅವಳ ಅಣ್ಣ, ತಮ್ಮ ಇಬ್ಬರೂ ವ್ಯಾನಿನಲ್ಲಿದ್ದರು. ಬೂದಿ ಬಿಟ್ಟು ಬರುವಾಗ ಸಣ್ಣ ಮಾವ ಮಕ್ಕಳ ಹಾಗೆ ಅತ್ತರು. "ಅಕ್ಕನ ನೀರುದೋಸೆಯಂಥದ್ದು ಇನ್ನು ಎಲ್ಲಿ ಸಿಗ್ತದೆ" ಅಂದರು. ನನಗೆ ಸಮುದ್ರಕ್ಕೆ ಹಾರಬೇಕು ಅನ್ನಿಸಿತು.

ಮೊನ್ನೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಪ್ರೀತಿ ಬರೆದಿದ್ದಳು. ಮೇ ರಜೆಗೆ ಎಲ್ಲರೂ ಬರುತ್ತಾರಂತೆ, ಸಮುದ್ರದ ಹತ್ತಿರ ಮನೆ ಬುಕ್ ಆಗಿದೆಯಂತೆ, ಕಿಚನ್ನೂ ಉಂಟಂತೆ. "ಮೂವತ್ತು ಜನಕ್ಕೆ ಸುಲಭದ ಅಡುಗೆ ಎಂತ ಮಾಡ್ಬಹುದು, ನೀನೇ ಹೇಳು. ಅತ್ತೆಯ ಕೈ ನಿನಗೆ ಬಂದಿದೆ. ಆ ದಿನಗಳು ಮತ್ತೆ ಬೇಕು ಮಾರಾಯ್ತಿ."

ಪುಂಡಿ, ಕಡ್ಲೆ ಗಸಿ ಅಂತ ಬರೆದೆ. ಬೆಳಗ್ಗೆ ಎಲ್ಲರೂ ಕೈ ಒದ್ದೆ ಮಾಡಿ ಕೂತರೆ ಒಂಬತ್ತಕ್ಕೆ ಮುಗಿಯುತ್ತದೆ, ಆಮೇಲೆ ಒಬ್ಬರೂ ಒಳಗಿರಬೇಕಾಗಿಲ್ಲ ಅಂತ ಬಿಡಿಸಿ ಬರೆದೆ.

ಉತ್ತರ ತಡವಾಗಲಿಲ್ಲ. "ಅಯ್ಯೋ, ಪುಂಡಿ ಹೆವಿ ಆಗ್ತದೆ. ಬರೀ ನೀರುದೋಸೆ ಸಾಕು. ನೀನು ಹೊಯ್ದು ಕೊಡು, ಹೇಗೂ ಅಲ್ಲೇ ಇರುವವಳಲ್ವಾ, ನಿನಗೆ ಸಮುದ್ರ ಎಂತ ಹೊಸತು?"

ಅದರ ಕೆಳಗೆ ಒಂದರ ಹಿಂದೆ ಒಂದು ಹೆಬ್ಬೆರಳುಗಳು ಬಂದವು. ಒಂದು ಕಾಲದಲ್ಲಿ ಪುಂಡಿಯ ಗುಳಿ ನೋಡಿ ಯಾವ ಹೆಬ್ಬೆರಳು ಯಾರದ್ದು ಅಂತ ನನಗೆ ತಿಳಿಯುತ್ತಿತ್ತು. ಈ ಹಳದಿ ಹೆಬ್ಬೆರಳುಗಳೆಲ್ಲ ಒಂದೇ ತರ. ಆ ದಿನಗಳು ಮತ್ತೆ ಬೇಕು ಅಂತ ಎಲ್ಲರೂ ಬರೆದಿದ್ದರು. ಅಮ್ಮನಿಗೆ ಆ ದಿನಗಳು ಒಂದು ಸಲವೂ ಬಂದಿರಲಿಲ್ಲ ಅಂತ ಬರೆಯಹೊರಟೆ. ಅರ್ಧ ಬರೆದು ಅಳಿಸಿದೆ. ಫೋನು ಕೆಳಗಿಟ್ಟು ಒಳಗೆ ಹೋಗಿ, ದೋಸೆ ಅಕ್ಕಿ ಎಷ್ಟು ಉಳಿದಿದೆ ಅಂತ ಡಬ್ಬಿ ತೆಗೆದು ನೋಡಿದೆ.