ಹೆಪ್ಪುಗಟ್ಟಿದ ಕೆರೆಗೆ ಬಾಗಿನ

ಗ್ಯಾಂಗ್ಟಕ್ಕಿಗೆ ಹೋಗೋಣ ಅಂದವಳು ನನ್ನ ಅಕ್ಕ. ಉಡುತಡಿಯ ಹೊಲ, ಎಮ್ಮೆ ಬಿಟ್ಟು ಶಿವಮೊಗ್ಗಕ್ಕೆ ಬಾ ಅಂದರೂ ನೂರೆಂಟು ನೆಪ ಹೇಳುವವಳು, ಯಾರದೋ ಮೊಬೈಲಿನಲ್ಲಿ ಹಿಮದ ಬೆಟ್ಟಗಳ ನಡುವಿನ ಸರೋವರ ಕಂಡದ್ದೇ ಹಟ ಹಿಡಿದಳು. ಕಾರಣವನ್ನು ನನಗೊಬ್ಬಳಿಗೇ ಹೇಳಿದಳು. ನಮ್ಮಲ್ಲಿ ಊರ ಕೆರೆ ಕೋಡಿ ಬಿದ್ದಾಗ ಹೆಂಗಸರು ಜೋಡಿ ಮೊರದಲ್ಲಿ ಬಳೆ, ಕುಂಕುಮ, ಕಣ, ಕಾಯಿ ಇಟ್ಟು ಕೆರೆಗೆ ಬಾಗಿನ ಬಿಡುತ್ತಾರೆ. ಭಾವ ತೀರಿಕೊಂಡ ಮೇಲೆ ಅಕ್ಕನಿಗೆ ಏರಿಯ ಮೇಲೆ ಕೂತು ಎಲ್ಲರ ಚಪ್ಪಲಿ ಕಾಯುವ ಕೆಲಸ ಕೊಟ್ಟಿದ್ದರು.

“ಅಷ್ಟು ದೂರದಾಗೆ ನಮ್ಮನ್ನ ಯಾರು ಬಲ್ಲರು? ಒಂದೇ ಒಂದ್ಸಲ ನನ್ ಕೈಯಾರೆ ಬಾಗಿನ ಬಿಡ್ತೀನಿ ಕಣೇ,” ಅಂದಳು.

ರೈಲು ಹತ್ತಿ ನೋಡಿದರೆ, ನಮ್ಮ ಕರ್ಮ! ಪ್ರವಾಸದ ಬೋಗಿ ತುಂಬ ಶಿಕಾರಿಪುರ, ಆನವಟ್ಟಿಯವರೇ. ಎದುರು ಸೀಟಿನಲ್ಲಿ ಮೆಕ್ಕೆಜೋಳದ ಸಾಹುಕಾರರು, ಪಕ್ಕದಲ್ಲಿ ಅವರ ಹೆಂಡತಿ ಸಾಹುಕಾರ್ತಿ. ಆಕೆಯ ಮಡಿಲಲ್ಲಿ, ಕೂಸಿನ ಹಾಗೆ, ಅದೇ ಸರೋವರಕ್ಕೆ ಬಿಡಲೆಂದು ತಂದ, ಅರಿಶಿನದ ದಾರ ಸುತ್ತಿದ ಬಾಗಿನ. ಮೊರ ಅಲ್ಲೇ ಕೊಂಡರಾಯಿತು ಅಂತ ಬರಿಗೈಯಲ್ಲಿ ಬಂದಿದ್ದ ಅಕ್ಕನ ಮುಖ ಬಾಡಿಹೋಯಿತು.

ಗ್ಯಾಂಗ್ಟಕ್ ಬಹಳ ಚೆಂದದ ಊರಂತೆ. ನಮ್ಮವರು ನೋಡಿದ್ದು ಸ್ವೆಟರ್ ಅಂಗಡಿಗಳನ್ನು ಮಾತ್ರ. ಮೊರದ ಅಂಗಡಿ ಎಲ್ಲೂ ಸಿಗಲಿಲ್ಲ. ಮೋಡ ಸರಿದು ಹಿಮದ ಶಿಖರ ಕಂಡಾಗ ಸಾಹುಕಾರರು ಖಡಕ್ ರೊಟ್ಟಿ ಮುರಿಯುತ್ತ, “ನಮ್ ಚಂದ್ರಗುತ್ತಿ ಗುಡ್ಡಕ್ಕಿಂತ ಒಂದೀಟು ಎತ್ತರ ಐತಿ, ಅಷ್ಟೇ,” ಎಂದು ತೀರ್ಪು ಕೊಟ್ಟರು. ಸಂಜೆ ಹೋಟೆಲಿನಲ್ಲಿ ವಚನ ಹಾಡಿಸಿ, ಹೆಣ್ಣು ಗಂಡು, ಮೇಲು ಕೀಳು ಒಂದೂ ಇಲ್ಲ ಅಂತ ಭಾಷಣ ಮಾಡಿದರು. ಬಿಸಿನೀರು ಮಾತ್ರ ಮೊದಲು ಅವರ ರೂಮಿಗೆ ಹೋಯಿತು.

ಮರುದಿನ ಜೀಪಿನಲ್ಲಿ ಸರೋವರಕ್ಕೆ ಹತ್ತಿದೆವು. ಸರೋವರ ಇತ್ತು, ನೀರು ಇರಲಿಲ್ಲ. ಈ ದಡದಿಂದ ಆ ದಡದವರೆಗೆ ಬಿಳಿ ಬಂಡೆಯಂತೆ ಹೆಪ್ಪುಗಟ್ಟಿತ್ತು.

“ಅಯ್ಯೋ ಶಿವನೇ, ಎಲ್ಲಿ ಬಿಡಾದು?” ಅಂದಳು ಸಾಹುಕಾರ್ತಿ. ಸಾಹುಕಾರರು ಫ್ಲಾಸ್ಕಿನ ಬಿಸಿನೀರು ಸುರಿದು ಹಿಮಾಲಯ ಕರಗಿಸಲು ನೋಡಿದರು. ಹಿಮ ಜಪ್ಪಯ್ಯ ಅಂದರೂ ಕರಗಲಿಲ್ಲ. ಕೊನೆಗೆ ಜಾರಿಸಿ ಬಿಡುವುದೆಂದಾಯಿತು. ಪೂಜೆ ಅಂದಮೇಲೆ ಬೂಟು ಹಾಕುವಂತಿಲ್ಲವಲ್ಲ! ಕೊರೆಯುವ ಹಿಮದ ಮೇಲೆ ಹೆಂಗಸರೆಲ್ಲ ಕಾಲುಚೀಲದಲ್ಲಿ ಕುಣಿಯುತ್ತ ನಿಂತರು.

“ಮುತ್ತೈದೇರೆಲ್ಲ ಕೈ ಹಚ್ರಿ. ಅಕ್ಕಾರೆ, ನೀವು ಬೂಟು ನೋಡಿಕ್ಯಂತ ಇರ್ರಿ,” ಅಂದಳು ಸಾಹುಕಾರ್ತಿ.

ಆ ಎತ್ತರಕ್ಕೆ ಬಂದರೂ ಅದೇ ಕೆಲಸ! ನನಗೆ ಮೈಯೆಲ್ಲ ಉರಿಯಿತು. ನಾನು ಕೈ ಹಚ್ಚದೆ ಅಕ್ಕನ ಪಕ್ಕ ಹೋಗಿ ನಿಂತೆ. ಎಲ್ಲರೂ ಸೇರಿ ತಳ್ಳಿದ ಬಾಗಿನ ಸರ್ರನೆ ಜಾರಿ, ಸ್ವಲ್ಪ ದೂರ ಹೋಗಿ ಕೂತಿತು. ಚಪ್ಪಾಳೆ ಆಯಿತು, ಫೋಟೋ ಆಯಿತು.

ಅಷ್ಟರಲ್ಲಿ ಕಾವಲಿನವನು ಸೀಟಿ ಊದುತ್ತ ಓಡಿ ಬಂದ. ಸರೋವರಕ್ಕೆ ಏನೂ ಎಸೆಯುವಂತಿಲ್ಲ, ಎಸೆದವರೇ ತೆಗೆಯಬೇಕು, ಇಲ್ಲದಿದ್ದರೆ ಕೇಸು ಅಂತ ಹಿಂದಿಯಲ್ಲಿ ರೇಗಿದ. ದಡದ ಹತ್ತಿರ ಹಿಮ ಗಟ್ಟಿಯಿದೆ, ಹೋಗಿ ಅಂದ.

ಸಾಹುಕಾರ್ತಿ ಬೆಚ್ಚಿಬಿದ್ದಳು. “ಕೊಟ್ಟ ಬಾಗಿನ ಕೊಟ್ಟೋರು ವಾಪಸ್ ಮುಟ್ಟಬಾರದು. ಮುತ್ತೈದೆತನಕ್ಕೇ ಕುತ್ತು. ನಾ ಒಲ್ಲೆ!”

ನಾ ಮುಂದು ತಾ ಮುಂದು ಅಂತ ಚಾಚಿದ್ದ ಕೈಗಳೆಲ್ಲ ಶಾಲಿನೊಳಗೆ ಹೋದವು. ಸಾಹುಕಾರರು ಬೆಟ್ಟ ನೋಡತೊಡಗಿದರು. ಆಕೆ ಅಕ್ಕನ ಕಡೆ ತಿರುಗಿದಳು.

“ನೀವು ತರ್ರಿ ಅಕ್ಕಾರೆ. ನಿಮಗಿನ್ನೇನು ಆಗೋದೈತಿ?”

ಬೈಯಲು ಬಾಯಿ ತೆರೆದೆ. ಅಕ್ಕ ನನ್ನ ತೋಳು ಚಿವುಟಿ ಹಿಮದ ಮೇಲೆ ಕಾಲಿಟ್ಟಳು. ಜಾರುತ್ತ, ಸಾವರಿಸಿಕೊಳ್ಳುತ್ತ ಹೋದಳು. ಬಾಗಿನವನ್ನು ಎದೆಗವಚಿಕೊಂಡು ಬಂದಳು.

“ಜೀಪಿನಾಗೆ ಇಡ್ರಿ. ಊರಿಗೆ ಒಯ್ದು ನಮ್ ಕೆರೆಗೆ ಬಿಟ್ರಾತು,” ಅಂದರು ಸಾಹುಕಾರರು.

“ಅದ್ಹೆಂಗ್ರಿ?” ಅಂದಳು ಅಕ್ಕ, ತಣ್ಣಗೆ. “ನೀವು ಕೆರೆಗೆ ಕೊಟ್ರಿ. ಕೆರೆ ನನಗೆ ಕೊಡ್ತು. ಕೊಟ್ಟೋರು ವಾಪಸ್ ಮುಟ್ಟಬಾರದು ಅಂತ ಈಗಿನ್ನ ಅಂದ್ರಲ್ಲ?”

ಅಕ್ಕ ಜೀಪಿನಲ್ಲಿ ಕೂತು ದಾರ ಬಿಚ್ಚಿದಳು. ಚಳಿಗೆ ಬಾತ ಅವಳ ಕೈಗೆ ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿದವಳು ನಾನು. ನನಗೆ ಅಳು ತಡೆಯಲಾಗಲಿಲ್ಲ. ಗ್ಯಾಂಗ್ಟಕ್ ಮುಟ್ಟುವವರೆಗೂ ತಿರುವಿಗೊಮ್ಮೆ ಬಳೆಗಳು ಸದ್ದು ಮಾಡುತ್ತಿದ್ದವು.

ಆ ಮಳೆಗಾಲ ಊರ ಕೆರೆ ಕೋಡಿ ಬಿತ್ತು. ಅದೇ ಮೊರಗಳಲ್ಲಿ ತನ್ನ ಬಾಗಿನ ತುಂಬಿಕೊಂಡು, ಅವೇ ಬಳೆ ತೊಟ್ಟು, ಅಕ್ಕ ಎಲ್ಲರೆದುರು ನೀರಿಗಿಳಿದಳು. ಆ ದಿನ ಏರಿಯ ಮೇಲೆ ಚಪ್ಪಲಿ ಕಾಯ್ದವಳು ನಾನು.