ತಿಗಾಡಾ ಮತ್ತು ಕಿಸೆಯಲ್ಲಿದ್ದ ನಾಲ್ಕನೆಯವರು

ನಮ್ಮ ಹುಮನಾಬಾದಿನ ಮನೆಯಲ್ಲಿ ಮೂರಾಗಿ ಬಂದದ್ದಕ್ಕೆಲ್ಲ ಒಂದೇ ಹೆಸರು: ತಿಗಾಡಾ. ತಾಟಿನಲ್ಲಿ ಮೂರು ರೊಟ್ಟಿ ಬಿದ್ದರೆ ತಿಗಾಡಾ, ಮೂವರು ಕೂಡಿ ಕೆಲಸಕ್ಕೆ ಹೊರಟರೆ ತಿಗಾಡಾ. ತೀನ್ ತಿಗಾಡಾ, ಕಾಮ್ ಬಿಗಾಡಾ. ಮೂರಾದರೆ ಕೆಲಸ ಕೆಟ್ಟಿತು.

“ಹಂಗಾದ್ರ ಆಟೋಕ್ಕ ಮೂರೇ ಗಾಲಿ ಅದಾವಲ್ಲ?” ಎಂದು ಅವ್ವನನ್ನು ಕೇಳಿದ್ದೆ.

“ಮತ್ತ ಸ್ಟೆಪ್ನಿ ಯಾಕ ಇಟ್ಟಾರ?” ಎಂದಳು.

ಅಣ್ಣನಿಗೆ ಕನ್ಯಾ ನೋಡಲು ಬಸವಕಲ್ಯಾಣಕ್ಕೆ ಹೊರಟ ದಿನ ಮೋಡವಿತ್ತು. ಇರಲಿಲ್ಲವೇನೋ, ಮೋಡ ನಾನು ಈಗ ಹಾಕಿದ್ದು. ಹೊರಟವರು ಮಾತ್ರ ಮೂವರೇ: ಕಾಕಾ, ಅಣ್ಣ, ನಾನು. ಕುರಿ ಕಾಯುವವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಹಲವು ಮನೆಯವರು ಹೇಳಿಯಾಗಿತ್ತು. ಇವರೂ ಒಲ್ಲೆ ಎಂದರೆ ಇನ್ನು ಮದುವೆಯ ಮಾತೇ ಬೇಡ ಎಂದು ಅಣ್ಣ ಹಟ ಹಿಡಿದಿದ್ದ. ಅವ್ವ ಅಂಗಳದ ಒಂದು ಕಲ್ಲು ಆರಿಸಿ ಅವನ ಕಿಸೆಗೆ ಹಾಕಿದಳು. ಮೂವರು ಹೋಗಲೇಬೇಕಾದರೆ ಕಲ್ಲು ನಾಲ್ಕನೆಯವರು. ನಮ್ಮ ಕಡೆಯ ಪದ್ಧತಿ ಅದು. ಅಷ್ಟಕ್ಕೇ ಬಿಡದೆ ಆ ಮನೆಗೆ ಫೋನ್ ಮಾಡಿ, “ನಾಕ ಮಂದಿ ಬರಾಕತ್ತಾರ್ರಿ” ಎಂದುಬಿಟ್ಟಳು.

ಅಲ್ಲಿ ನಾಲ್ಕು ಪ್ಲೇಟು ಉಪ್ಪಿಟ್ಟು ಕಾದಿತ್ತು.

“ಇನ್ನೊಬ್ಬರು ಎಲ್ಲದಾರ್ರಿ?” ಹುಡುಗಿಯ ತಂದೆ ಕೇಳಿದರು.

“ಅದಾರ್ರಿ, ಇಲ್ಲೇ ಅದಾರ,” ಎಂದರು ಕಾಕಾ.

“ಬರ್ಲಿ. ಆಮ್ಯಾಲ ಮಾತು ಸುರು ಮಾಡೋಣು.”

ಯಾರೂ ಉಪ್ಪಿಟ್ಟು ಮುಟ್ಟಲಿಲ್ಲ. ತಂದೆ ಬಾಗಿಲಿಗೆ ಹೋಗಿ ಬೀದಿ ನೋಡಿ ಬಂದರು. “ಹಿರ್ಯಾರೇನ್ರಿ?”

“ಭಾಳ ಹಿರ್ಯಾರ್ರಿ. ಮಾತು ಕಡಿಮಿ.”

ಅಣ್ಣನಿಗೆ ತಡೆಯಲಾಗಲಿಲ್ಲ. ಕಲ್ಲು ತೆಗೆದು ನಾಲ್ಕನೆಯ ಪ್ಲೇಟಿನ ಮುಂದೆ ಇಟ್ಟ. “ಇವರೇ ನೋಡ್ರಿ. ನಮ್ಮವ್ವ ಕಳಿಸ್ಯಾಳ.”

ಕೆಲಸ ಕೆಟ್ಟಿತೆಂದು ನಾನು ಕಣ್ಣಲ್ಲೇ ಚಪ್ಪಲಿ ಹುಡುಕತೊಡಗಿದೆ. ಅಷ್ಟರಲ್ಲಿ ಒಳಗಿನಿಂದ ಹುಡುಗಿ ನೀರಿನ ಗ್ಲಾಸು ತಂದು ಕಲ್ಲಿನ ಮುಂದಿಟ್ಟು, ಸೆರಗು ಸರಿಮಾಡಿಕೊಂಡು ಹೇಳಿದಳು: “ದೂರದಿಂದ ಬಂದೀರಿ. ನೀರು ಕುಡೀರಿ, ಮಾವಾರ.”

“ಮಾವ ಅಂದ್ಳು!” ಕಾಕಾ ಉಪ್ಪಿಟ್ಟಿಗೆ ಕೈ ಹಾಕಿದರು. “ಎಲ್ಲಾರೂ ಕೇಳೀರಿಲ್ಲೋ? ಮಾವ ಅಂದ್ಳು!”

ಅವಳ ತಂದೆ ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿದರು.

ಈಗ ಕಲ್ಲಿನ ಮಾತು ಬಂದರೆ ಮನೆಯಲ್ಲಿ ಜಗಳ. ಕರಿ ಕಲ್ಲು ಎನ್ನುತ್ತಾಳೆ ಅತ್ತಿಗೆ. ಬಿಳಿದು, ಆರಿಸಿದವಳು ನಾನು ಎನ್ನುತ್ತಾಳೆ ಅವ್ವ. ಅಣ್ಣನಿಗೆ ನೆನಪಿರುವುದು ಕಲ್ಲಲ್ಲ, ಇಟ್ಟಂಗಿ ಚೂರು.

ಅವ್ವ ನನ್ನ ಕಡೆ ತಿರುಗುತ್ತಾಳೆ. “ನೀನೂ ಒಂದು ಹೇಳಿಬಿಡು. ತಿಗಾಡಾ ಆಗಾಕತ್ತದ.”

“ಹಸರು,” ಎನ್ನುತ್ತೇನೆ.