ಶಿವಬಸಪ್ಪನವರ ನೂರೆಂಟು ಕೆ.ಜಿ.

ತೂಕದ ಯಂತ್ರದ ಮೇಲೆ ನಿಂತಾಗ ಹೊಟ್ಟೆ ಒಳಗೆಳೆದುಕೊಳ್ಳದವರನ್ನು ನಾನು ಕಂಡಿರುವುದು ಒಬ್ಬರನ್ನೇ. ಮೇಟಗಳ್ಳಿಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿದ್ದ ಶಿವಬಸಪ್ಪನವರು. ಮುಳ್ಳು ನೂರೆಂಟಕ್ಕೆ ನಿಂತರೆ, "ಜಪಸರದ ಮಣಿಗಳಷ್ಟೇ ಕಣಮ್ಮ, ಒಂದೂ ಕಮ್ಮಿ ಮಾಡಂಗಿಲ್ಲ" ಎನ್ನುತ್ತಿದ್ದರು.

ವರ್ಕ್‌ಶಾಪಿನ ಹಿಂದಿನ ಶೆಡ್ಡಿನಲ್ಲಿ ಅವರು ಒಬ್ಬರೇ ಕೂರುವ ಪುಟ್ಟ ವಿಮಾನ ಕಟ್ಟುತ್ತಿದ್ದರು. ನಕ್ಷೆ ಬರೆಯುವ ಕೆಲಸ ನನ್ನದು. ಹಾರಾಟವನ್ನು ಇಬ್ಬರೂ ಒಟ್ಟಿಗೇ ಕಲಿತಿದ್ದೆವು. ಪರದೇಶದಿಂದ ತರಿಸಿದ ಮೂಲ ನಕ್ಷೆಯ ಮೂಲೆಯಲ್ಲಿ ಒಂದು ಸಾಲಿತ್ತು: ಪೈಲಟ್‌ನ ತೂಕ ಎಂಬತ್ತೈದು ಕೆ.ಜಿ. ಮೀರಕೂಡದು. ತಪಾಸಣೆಗೆ ಬಂದ ಅಧಿಕಾರಿ ಅವರನ್ನು ಮೇಲಿಂದ ಕೆಳಗೆ ನೋಡಿ, "ನೀವು ಕಟ್ಟಿ ಸಾರ್, ಈ ಮೇಡಂ ಹಾರಿಸ್ಲಿ" ಎಂದರು. ನನ್ನ ಮೈಯೆಲ್ಲ ಉರಿಯಿತು. ಶಿವಬಸಪ್ಪನವರು ನಗುತ್ತಲೇ, "ನಾನು ಕಟ್ಟಿದ ಮನೇಲಿ ನಾನೇ ಬಾಗ್ಲಾಚೆ ನಿಂತ್ಕೊಳ್ಳಾ? ಎಂಬತ್ತೈದು ಅಂತ ಬರೆದೋನು ನನ್ನ ನೋಡಿಲ್ಲ ಕಣ್ರೀ. ರೆಕ್ಕೆ ಬದಲಾಯಿಸ್ತೀನಿ" ಎಂದರು.

ಸುಮ್ಮನೆ ಹತ್ತಿ ಕೂರುವ ಭಂಡಧೈರ್ಯ ಅವರದಲ್ಲ. ರೆಕ್ಕೆಯನ್ನು ತಲೆಕೆಳಗು ಮಾಡಿ, ಮೇಲೆ ಮರಳಿನ ಚೀಲ ಪೇರಿಸಿ ಪರೀಕ್ಷಿಸುವುದು ಈ ಕಸುಬಿನ ಪದ್ಧತಿ. ಅವರ ತೂಕಕ್ಕೆ ಬೇಕಾದಷ್ಟು ಚೀಲ ಏರುವ ಮೊದಲೇ ಹಳೆಯ ನಕ್ಷೆಯ ರೆಕ್ಕೆ ಲಟಕ್ಕನೆ ಮುರಿಯಿತು. ಆರು ತಿಂಗಳ ಕೆಲಸ. ಅವರು ಟೀ ಕುಡಿದು ಮುಗಿಸಿ, ಉಳಿದದ್ದನ್ನು ತಾವೇ ಗರಗಸದಿಂದ ಕೊಯ್ದು ಹಾಕಿ, "ಇನ್ನೊಂದು ಬರಿಯಮ್ಮ" ಎಂದರು. ಹೊಸ ರೆಕ್ಕೆ, ಅಗಲದ ಸೀಟು, ಎಲ್ಲವನ್ನೂ ಅವರ ಮೈಗೇ ಅಳೆದು ಬರೆದೆ. ವರ್ಷ ಕಳೆದ ಮೇಲೆ ಅಷ್ಟೂ ಚೀಲ ಹೊತ್ತ ರೆಕ್ಕೆ ಕಮಕ್ ಕಿಮಕ್ ಎನ್ನಲಿಲ್ಲ.

ಹಾರಾಟದ ಅನುಮತಿಗೆ ಕಾಯುತ್ತಿರುವಾಗಲೇ ಕಾಯಿಲೆ ಬಂತು. ಕೊನೆಯ ಸಲ ಸಿದ್ಧಾರ್ಥನಗರದ ಅವರ ಮನೆಗೆ ಹೋದಾಗ ಎಂಬತ್ತೊಂದಕ್ಕೆ ಇಳಿದಿದ್ದರು. ನಾನು ಪೆದ್ದಿಯಂತೆ, "ಈಗ ಹಳೇ ನಕ್ಷೆಗೂ ಸರಿಹೋಗ್ತೀರಿ ಸಾರ್" ಎಂದುಬಿಟ್ಟೆ.

"ಇದು ಕಾಯಿಲೆ ತೂಕ ಕಣಮ್ಮ, ನಂದಲ್ಲ. ಸೀಟು ಚಿಕ್ಕದು ಮಾಡ್ಬುಟ್ಟೀಯ, ಹುಷಾರು!"

ಮಾಡಲಿಲ್ಲ. ಅನುಮತಿ ಬಂದಾಗ ಅವರಿರಲಿಲ್ಲ. ನಾನಿರುವುದು ಐವತ್ತೆರಡು ಕೆ.ಜಿ. ಅವರ ಭಾರಕ್ಕೆ ಹೊಂದಿಸಿದ ವಿಮಾನ ನನ್ನಂಥವಳು ಕೂತರೆ ಬಾಲದ ಕಡೆಗೆ ವಾಲುತ್ತದೆ. ಅದೇ ಅಧಿಕಾರಿ ಲೆಕ್ಕ ನೋಡಿ, ತಲೆ ಕೆರೆದುಕೊಂಡು, "ಮೇಡಂ, ನಿಮ್ ತೂಕ ಸಾಲ್ದು" ಎಂದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ರೆಕ್ಕೆಯ ಪರೀಕ್ಷೆಗೆ ಇಟ್ಟಿದ್ದ ಅವೇ ಚೀಲಗಳಲ್ಲಿ ಐವತ್ತಾರು ಕೆ.ಜಿ. ಮರಳು ತುಂಬಿ, ಆ ಅಗಲದ ಸೀಟಿನಲ್ಲಿ ನನ್ನ ಎರಡೂ ಪಕ್ಕಕ್ಕೆ ಬೆಲ್ಟಿನಿಂದ ಬಿಗಿದು ಹಾರಿದೆ.

ನೂರೆಂಟಕ್ಕೆ ಒಂದೂ ಕಮ್ಮಿ ಇರಲಿಲ್ಲ.